ಮೇಷ್ಟ್ರು ಸಾಕಿದ ಆಫ್ರಿಕಾ ಗಿಣಿ

ಹಕ್ಕಿ ಸಾಕುವುದು ಏನು ಮಹಾ ವಿದ್ಯೆ? ಎಂಟನೇ ತರಗತಿಯ ‘ಸಿ’ ವಿಭಾಗವನ್ನು ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡಿನಲ್ಲಿ ಕೂರಿಸಿಕೊಂಡು ಸಂಧಿ, ಸಮಾಸ ಕಲಿಸಿದ ಮನುಷ್ಯ ನಾನು. ಅರವತ್ತು ಹುಡುಗರನ್ನು ಪಳಗಿಸಿದವನಿಗೆ ಆರು ಹಕ್ಕಿ ಯಾವ ಲೆಕ್ಕ! ಹೀಗೆಂದು ಪೂರ್ಣ ವಿಶ್ವಾಸದಿಂದ ನಂಬಿದ್ದೆ. ಆ ವಿಶ್ವಾಸ ಈಗ ಎಲ್ಲಿದೆ ಎಂದು ದಯವಿಟ್ಟು ಕೇಳಬೇಡಿ.

ಭದ್ರಾವತಿಯ ಜನ್ನಾಪುರದ ಕೊನೆಯ ಸಾಲಿನಲ್ಲಿ ನಮ್ಮ ಮನೆ. ನಾನು ನಿವೃತ್ತ ಕನ್ನಡ ಮೇಷ್ಟ್ರು. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಗಿರಿಜಾ, ಇಬ್ಬರೇ. ಪಕ್ಕದ ಖಾಲಿ ಸೈಟಿನಲ್ಲಿ ಎದೆಯೆತ್ತರ ಕಾಂಗ್ರೆಸ್ ಗಿಡ. ಆ ಸೈಟಿನ ಮಾಲೀಕರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಯಾರು ವಾಸವಾಗಿದ್ದಾರೆ ಎಂಬುದು ಮಾತ್ರ ಒಂದು ದಿನ ಬೆಳಿಗ್ಗೆ ಗೊತ್ತಾಯಿತು. ಗಿರಿಜಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಹಿತ್ತಲ ಬಾಗಿಲಲ್ಲಿ ನಿಂತು ಪೇಪರ್ ಓದುತ್ತಿದ್ದೆ. ಒಗೆಯುವ ಕಲ್ಲಿನ ಹಿಂದಿನಿಂದ ಮಾರುದ್ದದ ಹಾವೊಂದು ತಲೆಯೆತ್ತಿತು.

ಮುಂದೆ ನಡೆದದ್ದನ್ನು ವಿವರವಾಗಿ ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಹಾವು ತನ್ನ ದಾರಿ ಹಿಡಿದು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದೇ ದಿನ ಮಧ್ಯಾಹ್ನ ಗಿರಿಜಾ ಬ್ಯಾಗಿನಲ್ಲಿ ನಾಲ್ಕು ಸೀರೆ ತುಂಬಿಕೊಂಡು ಶಿವಮೊಗ್ಗದ ಅಕ್ಕನ ಮನೆಗೆ ಹೊರಟು ನಿಂತಳು.

“ಎಷ್ಟು ದಿನಕ್ಕೆ?” ಎಂದೆ.

“ನೋಡೋಣ” ಎಂದಳು.

ಮೂವತ್ತೆರಡು ವರ್ಷದ ಸಂಸಾರದಲ್ಲಿ ಆಕೆ ಯಾವತ್ತೂ ‘ನೋಡೋಣ’ ಎಂದವಳಲ್ಲ. ‘ಗುರುವಾರ ಬರ್ತೀನಿ, ಹಾಲಿನವನಿಗೆ ಹೇಳಿ’ ಎನ್ನುವವಳು. ಶಿವಮೊಗ್ಗ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ನಿಜ. ಆದರೆ ಸಿಟ್ಟು ಮಾಡಿಕೊಂಡು ಹೋದ ಹೆಂಡತಿ ಇರುವ ಊರು ಬಸ್ಸಿನ ಲೆಕ್ಕಕ್ಕೆ ಸಿಗುವುದಿಲ್ಲ.

ವಾರ ಕಳೆಯಿತು. ಎರಡು ವಾರ ಕಳೆಯಿತು. ದಿನಾ ಸಂಜೆ ಫೋನ್ ಮಾಡಿ ಯಾವಾಗ ಬರ್ತೀಯಾ ಎಂದು ಕೇಳುತ್ತಿದ್ದೆ. “ಆ ಹಾವಿಗೊಂದು ವ್ಯವಸ್ಥೆ ಮಾಡಿ, ಆಮೇಲೆ ನೋಡೋಣ” ಎಂಬ ಉತ್ತರ ಬರುತ್ತಿತ್ತು. ನಾನು ಮಾಡಿಕೊಂಡ ಉಪ್ಪಿಟ್ಟನ್ನು ನಾನೇ ತಿನ್ನುತ್ತಾ, ಗೋಡೆ ನೋಡುತ್ತಾ ಕೂರುತ್ತಿದ್ದೆ. ಮನೆ ಇಷ್ಟು ದೊಡ್ಡದಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ನನ್ನ ಸಂಕಟ ನೋಡಲಾರದೆ ಪಕ್ಕದ ಮನೆಯ ಸೆಲ್ವಿ ಒಂದು ಉಪಾಯ ಹೇಳಿದರು. ಸೆಲ್ವಿಯ ಮಾವ ಯಾವ ಕಾಲದಲ್ಲೋ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಈಕೆಯ ಹಿತ್ತಲಲ್ಲಿ ಸದಾ ಹತ್ತು ಹದಿನೈದು ನಾಟಿ ಕೋಳಿ ಇರುತ್ತವೆ.

“ಐಯೋ ಮೇಷ್ಟ್ರೇ, ಹಾವಿಗೆ ಯಾಕೆ ಇಷ್ಟು ಯೋಚನೆ? ಗಿನಿ ಕೋಳಿ ಬಿಡಿ. ಹಾವು ಕಂಡ್ರೆ ಸುತ್ತ ನಿಂತ್ಕೊಂಡು ಕೂಗಿ ಕೂಗಿ ಓಡಿಸ್ತಾವೆ. ಒಳ್ಳೆ ಕಾವಲು!”

“ಕೋಳಿಯಾ?” ಎಂದು ನಾನು ಅಂಗಿಯ ಒಳಗಿದ್ದ ಲಿಂಗವನ್ನು ಮುಟ್ಟಿಕೊಂಡೆ. ನಮ್ಮದು ಲಿಂಗ ಕಟ್ಟಿದವರ ಮನೆ. ಮೊಟ್ಟೆ ಹಾಕಿದ ಕೇಕು ಕೂಡ ನಮ್ಮ ಹೊಸಿಲು ದಾಟಿಲ್ಲ. ಗಿರಿಜಾಳ ಮುಂದೆ ಕೋಳಿ ಎಂಬ ಪದವನ್ನು ಗಟ್ಟಿಯಾಗಿ ಉಚ್ಚರಿಸಿದರೂ ಬಾಯಿ ತೊಳೆದುಕೊಂಡು ಬರಬೇಕು!

“ನೀವೇನು ತಿನ್ನಕ್ಕೆ ಸಾಕ್ತೀರಾ? ಕಾವಲಿಗೆ ತಾನೇ” ಎಂದರು ಸೆಲ್ವಿ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮರುದಿನವೇ ಹೊಳೆಹೊನ್ನೂರು ರಸ್ತೆಯ ಒಂದು ಫಾರಂಗೆ ಹೋಗಿ, ಎರಡೂವರೆ ತಿಂಗಳ ಆರು ಹಕ್ಕಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡೆ. ಮೈತುಂಬ ಬೂದು ಬಣ್ಣ, ಅದರ ಮೇಲೆ ಬಿಳಿ ಚುಕ್ಕಿ. ತಲೆ ಮಾತ್ರ ನನ್ನದರಂತೆಯೇ ಪೂರ್ತಿ ಬೋಳು. ಹಾಗಾಗಿ ನೋಡಿದ ತಕ್ಷಣ ಒಂದು ಆತ್ಮೀಯತೆ ಹುಟ್ಟಿತು.

“ಮೂರು ವಾರ ಕೂಡಿ ಹಾಕಿ ಸಾರ್. ಮನೆ ಅಭ್ಯಾಸ ಆಗ್ಲಿ. ಒಂಟಿ ಮಾಡ್ಬೇಡಿ, ಇವಕ್ಕೆ ಒಂಟಿ ಇರಕ್ಕಾಗಲ್ಲ” ಎಂದ ಫಾರಂನವನು.

“ನನಗೂ ಆಗಲ್ಲಪ್ಪ” ಎಂದೆ. ಅವನಿಗೆ ಅರ್ಥವಾಗಲಿಲ್ಲ.

ದಾರಿಯಲ್ಲಿ ಪೆಟ್ಟಿಗೆಯ ತೂತಿನಿಂದ ಒಂದು ಬೋಳು ತಲೆ ಹೊರಬಂತು. ಆಟೋದವನು ಕನ್ನಡಿಯಲ್ಲಿ ನೋಡಿದ. ಅವನು ನನ್ನ ಹಳೆಯ ಶಿಷ್ಯ. “ಸಾರ್... ನೀವೂ ಶುರು ಮಾಡಿದ್ರಾ?” ಎಂದು ಮೆಲ್ಲಗೆ ಕೇಳಿದ. ಸಂಜೆಯೊಳಗೆ ಜನ್ನಾಪುರದ ಅರ್ಧ ಜನಕ್ಕೆ ಮೇಷ್ಟ್ರು ಕೆಟ್ಟರೆಂಬ ಸುದ್ದಿ ಮುಟ್ಟಿತ್ತು.

ಆ ದಿನ ಗಿರಿಜಾಳಿಗೆ ಹೆಮ್ಮೆಯಿಂದ ಫೋನ್ ಮಾಡಿದೆ.

“ಹಾವಿಗೆ ವ್ಯವಸ್ಥೆ ಮಾಡಿದೀನಿ ಮಾರಾಯ್ತಿ. ಗಿನಿ...” ಎಂದವನು ಮುಂದಿನ ಪದಕ್ಕೆ ಬಂದಾಗ ನಾಲಗೆ ಕಚ್ಚಿಕೊಂಡೆ. “...ತಂದಿದೀನಿ.”

“ಗಿಣಿನಾ?” ಎಂದಳು ಗಿರಿಜಾ.

ಓದುಗ ಮಹಾಶಯರೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ್ದು ಇದನ್ನೇ. ಣಕಾರಕ್ಕೆ ನಾಲಗೆಯನ್ನು ಮೇಲಕ್ಕೆ ಮಡಿಸಬೇಕು, ನಕಾರಕ್ಕೆ ಹಲ್ಲಿಗೆ ತಾಗಿಸಬೇಕು! ‘ಬಾಣ’ವನ್ನು ‘ಬಾನ’ ಎಂದು ಬರೆದ ಎಷ್ಟು ಹುಡುಗರಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಹತ್ತು ಸಲ ಬರೆಸಿದ್ದೇನೆ! ಅಂಥ ನಾನು, ಭಾಷಾ ಶುದ್ಧಿಗಾಗಿ ಸಹೋದ್ಯೋಗಿಗಳ ಮದುವೆ ಪತ್ರಿಕೆ ತಿದ್ದಿ ಸ್ನೇಹ ಕಳೆದುಕೊಂಡ ನಾನು, ಆ ಕ್ಷಣದಲ್ಲಿ ಏನು ಮಾಡಿದೆ?

“ಹೂಂ” ಎಂದೆ.

“ಗಿಣಿ ಹಾವು ಹಿಡಿಯತ್ತಾ?”

“ಹಿಡಿಯಲ್ಲ. ಹಾವು ಕಂಡ್ರೆ ಕೂಗತ್ತೆ.”

“ಅದೂ ಸರಿ. ಆ ಮನೇಲಿ ಕೂಗೋರಾದ್ರೂ ಇರ್ಲಿ” ಎಂದು ಫೋನ್ ಇಟ್ಟಳು. ಆ ಮಾತಿನಲ್ಲೊಂದು ಮುಳ್ಳಿತ್ತು. ನಾನು ತಿಳಿಯದವನಂತೆ ಇದ್ದೆ.

ಐದು ನಿಮಿಷಕ್ಕೆ ಮತ್ತೆ ಫೋನು. ಈ ಸಲ ನನ್ನ ಷಡ್ಡಕ, ಅಂದರೆ ಗಿರಿಜಾಳ ಅಕ್ಕನ ಗಂಡ ಮಲ್ಲೇಶಪ್ಪನವರು. ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಕಾನೂನು ಬಿಟ್ಟು ಬೇರೆ ಮಾತಾಡುವುದಿಲ್ಲ.

“ಏನ್ರೀ ಮೇಷ್ಟ್ರೇ, ಗಿಣಿ ಸಾಕೋದು ಅಪರಾಧ, ಗೊತ್ತಾ? ಫಾರೆಸ್ಟಿನವರು ಬಂದು ಎಳ್ಕೊಂಡು ಹೋಗ್ತಾರೆ.”

“ಇದು ನಮ್ಮ ಕಡೇದಲ್ಲ ಅಣ್ಣಾ. ಆಫ್ರಿಕಾ ಮೂಲದ್ದು.”

“ಆಫ್ರಿಕಾ? ಬೂದು ಬಣ್ಣ ಇದೆಯಾ?”

“ಪೂರ್ತಿ ಬೂದು.”

“ಹೋ! ಆಫ್ರಿಕಾದ ಬೂದು ಗಿಣಿ! ಬಹಳ ಬುದ್ಧಿ ಅದಕ್ಕೆ. ಮನುಷ್ಯರ ಹಾಗೇ ಮಾತಾಡತ್ತೆ. ನಾನು ವಿಡಿಯೋ ನೋಡಿದೀನಿ.”

ಗಮನಿಸಬೇಕು. ನಾನು ಒಂದೇ ಒಂದು ಸುಳ್ಳು ಹೇಳಲಿಲ್ಲ. ಗಿನಿ ಕೋಳಿಯ ಮೂಲ ಆಫ್ರಿಕಾ, ಬಣ್ಣ ಬೂದು. ಒಂದು ಅಕ್ಷರದ ವಿಷಯದಲ್ಲಿ ಮೌನವಾಗಿದ್ದೆ, ಅಷ್ಟೆ!

ಮರುದಿನದಿಂದ ಪಳಗಿಸುವ ಕಾರ್ಯಕ್ರಮ ಆರಂಭವಾಯಿತು. ಹಿತ್ತಲಿನ ಹಳೆಯ ಸೌದೆ ಕೊಟ್ಟಿಗೆಗೆ ಬಲೆ ಹೊಡೆಸಿ ಗೂಡು ಮಾಡಿದ್ದೆ. ಅಂಗೈಯಲ್ಲಿ ನವಣೆ ಹಿಡಿದು ಒಳಗೆ ಹೋದೆ. ಆರೂ ಹಕ್ಕಿಗಳು ಒಟ್ಟಿಗೆ ಸೂರಿಗೆ ಹಾರಿ, ನನ್ನ ತಲೆಯ ಮೇಲಿಂದ ಹಾದು, ಹೋಗುವಾಗ ತಮ್ಮ ಅಭಿಪ್ರಾಯವನ್ನು ನನ್ನ ಹೆಗಲ ಮೇಲೆ ದಾಖಲಿಸಿದವು. ಎರಡನೆಯ ದಿನವೂ ಅದೇ. ಮೂರನೆಯ ದಿನ ಕೊಡೆ ಹಿಡಿದುಕೊಂಡು ಹೋದೆ. ಕೊಡೆ ಬಿಚ್ಚಿದ್ದೇ ತಡ, ಅವು ಎಬ್ಬಿಸಿದ ಗಲಾಟೆಗೆ ನಾಲ್ಕು ಮನೆಯವರು ಗೋಡೆ ಮೇಲಿಂದ ಇಣುಕಿದರು.

“ಮಾತಾಡ್ಬೇಕು ಮೇಷ್ಟ್ರೇ. ನಿಮ್ ಧ್ವನಿ ಪರಿಚಯ ಆಗ್ಬೇಕು” ಎಂದರು ಸೆಲ್ವಿ.

ಕೋಳಿಗಳ ಹತ್ತಿರ ಏನು ಮಾತಾಡುವುದು? ಒಂದು ಮಣೆ ಹಾಕಿಕೊಂಡು ಕೂತೆ. ಬಾಯಿಗೆ ಬಂದದ್ದು ವಿಭಕ್ತಿ ಪ್ರತ್ಯಯ. “ಉ, ಅನ್ನು, ಇಂದ, ಗೆ... ರಾಮನು, ರಾಮನನ್ನು, ರಾಮನಿಂದ, ರಾಮನಿಗೆ...” ಹಕ್ಕಿಗಳು ಕತ್ತು ವಾಲಿಸಿದವು. ಒಂದು ರೆಪ್ಪೆ ಮುಚ್ಚಿತು. ಮೂವತ್ತು ವರ್ಷ ಹುಡುಗರನ್ನು ನಿದ್ದೆಗೆ ಕಳಿಸಿದ ಪಾಠ ಇಲ್ಲಿಯೂ ಕೈಬಿಡಲಿಲ್ಲ! ದಿನಾ ಬೆಳಿಗ್ಗೆ ಒಂದು ಗಂಟೆ ವ್ಯಾಕರಣ, ಸಂಜೆ ಒಂದು ಗಂಟೆ ವ್ಯಾಕರಣ. ಹತ್ತನೆಯ ದಿನ, ನಾನು ‘ರಾಮನಲ್ಲಿ’ ಎನ್ನುತ್ತಿದ್ದಾಗ, ಎಲ್ಲಕ್ಕಿಂತ ಸಣ್ಣ ಹಕ್ಕಿ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ ಬಂದು ನನ್ನ ಅಂಗೈಯಿಂದ ಒಂದು ಕಾಳು ಎತ್ತಿಕೊಂಡಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಆ ಮನೆಯಲ್ಲಿ ಒಂದು ತಿಂಗಳಿನಿಂದ ಯಾರೂ ನನ್ನ ಹತ್ತಿರ ಬಂದಿರಲಿಲ್ಲ.

ಮೂರು ವಾರ ಮುಗಿಯುವ ಹೊತ್ತಿಗೆ ಹೆಣ್ಣು ಹಕ್ಕಿಗಳ ಗಂಟಲು ಒಡೆಯಿತು. ಗಿನಿ ಕೋಳಿಯಲ್ಲಿ ಹೆಣ್ಣು ಎರಡು ತುಂಡಿನ ಕೂಗು ಕೂಗುತ್ತದೆ. ಮೊದಲನೆಯದು ಗಿಡ್ಡ, ಎರಡನೆಯದು ಮೇಲಕ್ಕೆ ಎಳೆದದ್ದು. ನನ್ನ ಕಿವಿಗೆ ಅದು ಸ್ಪಷ್ಟವಾಗಿ ‘ಯಾಕ್‌-ರೀ? ಯಾಕ್‌-ರೀ?’ ಎಂದು ಕೇಳಿಸಿತು. ಅದು ಗಿರಿಜಾಳ ಮಾತು! ನಾನು ಬೆಳಿಗ್ಗೆ ಎದ್ದು ಕನ್ನಡಕ ಹುಡುಕಿದರೆ ಯಾಕ್ರೀ, ಅಡುಗೆ ಮನೆಗೆ ಕಾಲಿಟ್ಟರೆ ಯಾಕ್ರೀ, ಸುಮ್ಮನೆ ಕೂತರೂ ಯಾಕ್ರೀ. ಈಗ ನಾಲ್ಕು ಹೆಣ್ಣು ಹಕ್ಕಿಗಳು ನಾನು ಲೋಟ ಎತ್ತಿದರೂ ‘ಯಾಕ್ರೀ’ ಎಂದು ವಿಚಾರಿಸತೊಡಗಿದವು.

ಅದೇ ಸಂಜೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವು ಶುರು ಮಾಡಿದವು.

“ರೀ, ಯಾರದು ಯಾಕ್ರೀ ಅಂದಿದ್ದು?” ಗಿರಿಜಾಳ ಧ್ವನಿ ಮೇಲೇರಿತು. “ಯಾವ ಹೆಂಗಸು ಬಂದಿದಾಳೆ ಮನೇಲಿ?”

“ಹೆಂಗಸಲ್ಲ! ಗಿ... ಅದೇ!”

ಹಕ್ಕಿಗಳು ಇನ್ನೊಮ್ಮೆ ಕೂಗಿದವು, ಆ ಕಡೆ ಗಿರಿಜಾ ಕೇಳಿಸಿಕೊಂಡಳು. ಆಮೇಲೆ, “ಎಷ್ಟು ಚೆನ್ನಾಗಿ ಹೇಳತ್ತೆ! ನನ್ನ ಹಾಗೇ! ಯಾರು ಕಲಿಸಿದ್ದು?”

“ನಾನೇ” ಎಂದೆ. “ನೀನಿಲ್ಲದ ಮನೇಲಿ ನಿನ್ನ ಮಾತಾದ್ರೂ ಇರ್ಲಿ ಅಂತ.”

ಇದು ಶುದ್ಧ ಸುಳ್ಳು. ಆದರೆ ಹೇಳಿದ ಮೇಲೆ ನನಗೇ ನಿಜವೆನ್ನಿಸಿತು. ಗಿರಿಜಾ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. “ಭಾನುವಾರ ಬಂದು ನೋಡ್ತೀನಿ. ಭಾವ ಕಾರಲ್ಲಿ ಕರ್ಕೊಂಡು ಬರ್ತಾರೆ. ಗಿಣಿಗೆ ಗಾಂಧಿ ಬಜಾರಲ್ಲಿ ಒಂದು ಪಂಜರ ತಗೊಂಡಿದೀನಿ” ಎಂದಳು.

ನಾನು ಕುಣಿದಾಡಿದೆ. ಮೂರು ನಿಮಿಷ ಕುಣಿದಾಡಿದೆ. ಆಮೇಲೆ ಪಂಜರದ ಯೋಚನೆ ಬಂದು ಕೂತುಬಿಟ್ಟೆ.

“ನಿಜ ಹೇಳ್ಬಿಡಿ ಮೇಷ್ಟ್ರೇ” ಎಂದರು ಸೆಲ್ವಿ.

“ಹೇಳ್ತೀನಿ. ಮೊದಲು ಆಕೆ ಒಳಗೆ ಬಂದು ಕೂರಲಿ. ಕಾಫಿ ಕುಡೀಲಿ. ನಿಧಾನಕ್ಕೆ ಹೇಳ್ತೀನಿ.”

ಗೂಡಿನಿಂದ ಬಿಟ್ಟ ಮೇಲೆ ಹಕ್ಕಿಗಳು ನನ್ನ ಬೆನ್ನು ಬಿಡುತ್ತಿರಲಿಲ್ಲ. ಒಂದು ದಿನ ಬಸ್ ಸ್ಟಾಪಿನವರೆಗೆ ಸಾಲಾಗಿ ಬಂದು, ಸಿಟಿ ಬಸ್ಸಿನ ಕಂಡಕ್ಟರ್ “ಮೇಷ್ಟ್ರೇ, ಏಳು ಟಿಕೆಟಾ?” ಎಂದು ಕೇಳುವಂತೆ ಮಾಡಿದ್ದವು. ಇಂಥವನ್ನು ಭಾನುವಾರ ಬೆಳಿಗ್ಗೆ ಎಲ್ಲಿ ಅಡಗಿಸುವುದು? ಗೂಡಿಗೆ ಹಾಕಿದರೆ ಬಲೆಯಿಂದ ಕಾಣುತ್ತವೆ. ಬಹಳ ಯೋಚಿಸಿ, ನವಣೆ ಚೆಲ್ಲಿ ಕರೆದು, ಹಿತ್ತಲಿನ ಬಚ್ಚಲುಮನೆಯಲ್ಲಿ ಆರನ್ನೂ ಕೂಡಿ ಚಿಲಕ ಹಾಕಿದೆ. ಕತ್ತಲಾದ್ದರಿಂದ ಅವು ತೆಪ್ಪಗಾದವು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಹನ್ನೊಂದಕ್ಕೆ ಕಾರು ಬಂತು. ಷಡ್ಡಕರ ಹೊಸ ಕಾರು, ಮುಖ ನೋಡಿಕೊಳ್ಳುವಷ್ಟು ಹೊಳಪು. ಗಿರಿಜಾ ಇಳಿದಳು. ಒಂದು ಕೈಯಲ್ಲಿ ಲಾಟೀನಿನ ಗಾತ್ರದ ಪಂಜರ, ಇನ್ನೊಂದು ಕೈಯಲ್ಲಿ ಸೀಬೆಹಣ್ಣು, ಹಸಿಮೆಣಸಿನಕಾಯಿಯ ಚೀಲ. ಒಂದೂವರೆ ತಿಂಗಳಾದ ಮೇಲೆ ನೋಡುತ್ತಿದ್ದೆ. ಸೊರಗಿದ್ದಾಳೆ ಅನ್ನಿಸಿತು. ಚೀಲ ಇಸಿದುಕೊಳ್ಳಲು ಕೈ ಚಾಚಿದೆ.

“ಗಿಣಿ ಎಲ್ಲಿ?” ಎಂದಳು.

“ಇದೆ, ಇದೆ. ಮೊದಲು ಒಳಗೆ ಬಾ, ಕೂತ್ಕೋ.”

“ಇರಿ, ಕಾಲು ತೊಳ್ಕೊಂಡು ಬರ್ತೀನಿ.”

ಹಾಳಾಯಿತು! ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರಬಾರದು. ಆಕೆ ಮೂವತ್ತೆರಡು ವರ್ಷದಿಂದ ಪಾಲಿಸಿಕೊಂಡು ಬಂದ ಈ ನಿಯಮವನ್ನು ಒಂದೂವರೆ ತಿಂಗಳ ಒಂಟಿ ಬಾಳಿನಲ್ಲಿ ನಾನು ಮರೆತೇ ಬಿಟ್ಟಿದ್ದೆ. “ಬೇಡ ಗಿರಿಜಾ, ಅಲ್ಲಿ ನೀರಿಲ್ಲ!” ಎನ್ನುತ್ತಾ ಹಿಂದೆ ಓಡುವಷ್ಟರಲ್ಲಿ ಆಕೆ ಪಂಜರವನ್ನು ಕೆಳಗಿಟ್ಟು ಬಚ್ಚಲುಮನೆಯ ಚಿಲಕ ತೆಗೆದಿದ್ದಳು.

ಆರು ಗಿನಿ ಕೋಳಿಗಳು ಒಂದೇ ಸಲಕ್ಕೆ ಹೊರಬಿದ್ದವು. ಗಿರಿಜಾ ಕಿರುಚಿದಳು. ಅವು ಅದಕ್ಕಿಂತ ಜೋರಾಗಿ ಕಿರುಚಿದವು. ಎರಡು ಗಂಡು ಹಕ್ಕಿಗಳು ಪಕ್ಕದ ಸಂದಿಯಿಂದ ಬೀದಿಗೆ ಓಡಿ, ಕಾರಿನ ಬಾಗಿಲಿನಲ್ಲಿ ತಮ್ಮದೇ ಪ್ರತಿಬಿಂಬ ಕಂಡು, ಶತ್ರುವೆಂದು ತಿಳಿದು ಟಕಟಕ ಕುಕ್ಕತೊಡಗಿದವು. ಇಳಿಯಲು ಒಂದು ಕಾಲು ಹೊರಗಿಟ್ಟಿದ್ದ ಷಡ್ಡಕರು ಕಾಲನ್ನು ವಾಪಸ್ ಎಳೆದುಕೊಂಡು ಗಾಜು ಏರಿಸಿದರು. ಒಳಗಿನಿಂದ ಯಾವುದೋ ಕಾಯ್ದೆಯ ಹೆಸರು ಹೇಳುತ್ತಿದ್ದುದು ಬಾಯಿ ಅಲುಗಾಟದಿಂದ ತಿಳಿಯುತ್ತಿತ್ತು.

ಹಿತ್ತಲಲ್ಲಿ ನಾಲ್ಕು ಹೆಣ್ಣು ಹಕ್ಕಿಗಳು ನನ್ನ ಸುತ್ತ ನಿಂತು ‘ಯಾಕ್‌-ರೀ? ಯಾಕ್‌-ರೀ?’ ಎಂದು ಕೂಗುತ್ತಿದ್ದವು. ಗಿರಿಜಾ ಅವನ್ನು ನೋಡಿದಳು. ನನ್ನನ್ನು ನೋಡಿದಳು.

“ಇದು ಗಿಣಿನಾ?”

“ಗಿನಿ” ಎಂದೆ. ನಾಲಗೆಯನ್ನು ಹಲ್ಲಿಗೆ ಸರಿಯಾಗಿ ತಾಗಿಸಿ, ಮೊದಲ ಬಾರಿಗೆ ಶುದ್ಧವಾಗಿ ಉಚ್ಚರಿಸಿದೆ.

“ಅವು ಕೇಳ್ತಿರೋದನ್ನೇ ನಾನೂ ಕೇಳ್ತೀನಿ. ಯಾಕ್ರೀ? ಯಾಕ್ರೀ ಹೀಗೆ ಮಾಡಿದ್ರಿ?”

ನಾನು ಉತ್ತರ ಕೊಡಲು ಬಾಯಿ ತೆರೆದೆ. ಆಗ ಹಕ್ಕಿಗಳ ಕೂಗು ಬದಲಾಯಿತು. ‘ಯಾಕ್ರೀ’ ನಿಂತು, ಗರಗಸ ಎಳೆದಂಥ ಸದ್ದು ಶುರುವಾಯಿತು. ಬೀದಿಗೆ ಹೋಗಿದ್ದ ಎರಡೂ ಓಡಿಬಂದವು. ಆರೂ ಕತ್ತು ಚಾಚಿ ಒಗೆಯುವ ಕಲ್ಲಿನ ಕಡೆ ನುಗ್ಗಿದವು. ಕಲ್ಲಿನ ಹಿಂದಿನಿಂದ ಅದೇ ಮಾರುದ್ದದ ಹಾವು ಹೊರಬಂತು.

ಆಮೇಲೆ ನನಗೆ ಕೇಳಿಸಿದ್ದು ಒಂದು ಚಿಲಕದ ಸದ್ದು. ನೋಡಿದರೆ ನಾನು ಮನೆಯ ಒಳಗಿದ್ದೆ. ಹಿತ್ತಲ ಬಾಗಿಲು ಮುಚ್ಚಿತ್ತು. ಚಿಲಕದ ಮೇಲೆ ನನ್ನದೇ ಕೈ ಇತ್ತು.

ಹೊರಗಿನಿಂದ ಗಿರಿಜಾಳ ಧ್ವನಿ ಬಂತು. ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. “ಇವತ್ತೂ ಹಾಕ್ಕೊಂಡ್ರಾ?”

ಈಗ ಹೇಳದೆ ವಿಧಿಯಿಲ್ಲ. ಅಂದು ವಿವರ ಬೇಡವೆಂದು ಬಿಟ್ಟಿದ್ದೆನಲ್ಲ, ಆ ವಿವರ ಇದೇ. ಅಂದೂ ನಾನು ಪೇಪರ್ ಬಿಸಾಡಿ ಒಳಗೆ ಓಡಿ ಚಿಲಕ ಹಾಕಿಕೊಂಡಿದ್ದೆ. ಹಾವು ಹೋಗುವವರೆಗೆ ಗಿರಿಜಾ ಒದ್ದೆ ಬಟ್ಟೆ ಹಿಡಿದುಕೊಂಡು ಹೊರಗೆ ನಿಂತು ಬಾಗಿಲು ಬಡಿದಿದ್ದಳು. ನಾನು ತೆಗೆಯಲಿಲ್ಲ.

ಕಿಟಕಿಯಿಂದ ನೋಡಿದೆ. ಆರು ಹಕ್ಕಿಗಳು ಗಿರಿಜಾಳಿಗೂ ಹಾವಿಗೂ ನಡುವೆ ಸಾಲಾಗಿ ನಿಂತಿದ್ದವು. ರೆಕ್ಕೆ ಅಗಲಿಸಿ ಕೂಗುತ್ತಿದ್ದವು. ನನ್ನ ಅಂಗೈಗೆ ಬರಲು ಹತ್ತು ದಿನ ಹೆದರಿದ್ದ ಆ ಸಣ್ಣದೇ ಎಲ್ಲಕ್ಕಿಂತ ಮುಂದಿತ್ತು. “ಕೇರೆ ಹಾವು ಅಕ್ಕಾ, ಏನೂ ಮಾಡಲ್ಲ, ಹಂಗೇ ನಿಂತ್ಕೊಳ್ಳಿ” ಎಂದು ಸೆಲ್ವಿ ಗೋಡೆಯಾಚೆಯಿಂದ ಹೇಳುತ್ತಿದ್ದರು. ಹಾವು ಆ ಗಲಾಟೆ ತಡೆಯಲಾರದೆ ಕಾಂಪೌಂಡಿನ ಬಿರುಕಿನಲ್ಲಿ ನುಸುಳಿ ಮಾಯವಾಯಿತು.

ಹಾವು ಹೋದ ಮೇಲೂ ನಾನು ಐದು ನಿಮಿಷ ಬಾಗಿಲು ತೆಗೆಯಲಿಲ್ಲ. ಈಗ ಭಯ ಹಾವಿನದಾಗಿರಲಿಲ್ಲ. ಕೊನೆಗೆ ತೆಗೆದೆ. ಗಿರಿಜಾ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

“ನಾನು ಹಾವಿಗೆ ಹೆದರಿ ಹೋದೆ ಅಂದ್ಕೊಂಡಿದ್ರಾ?” ಎಂದಳು.

“ಇಲ್ಲ. ಗೊತ್ತಿತ್ತು.”

“ಗೊತ್ತಿದ್ದೂ ಹಾವಿಗೆ ವ್ಯವಸ್ಥೆ ಮಾಡಿದ್ರಾ?”

“ನನಗೇ ಏನು ವ್ಯವಸ್ಥೆ ಮಾಡ್ಬೇಕೋ ಗೊತ್ತಾಗ್ಲಿಲ್ಲ ಗಿರಿಜಾ. ತಪ್ಪಾಯ್ತು. ನಂಗೆ ತುಂಬಾ ಹೆದರಿಕೆ. ನೀನು ಬರಲ್ಲವೇನೋ ಅಂತ ಅದಕ್ಕಿಂತ ಹೆದರಿಕೆ ಆಗಿತ್ತು.”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಹೇಳಿದಳು: “ಓಡೋದು ತಪ್ಪಲ್ಲ ರೀ. ಹೆದರಿಕೆ ಆದ್ರೆ ಓಡಿ. ಓಡೋವಾಗ ನನ್ನ ಕೈ ಹಿಡ್ಕೊಂಡು ಓಡ್ಬೇಕಿತ್ತು, ಅಷ್ಟೆ.”

ಜೇಬಿನಲ್ಲಿದ್ದ ನವಣೆ ತೆಗೆದು ಆಕೆಯ ಅಂಗೈಗೆ ಹಾಕಿದೆ. ನನಗೆ ಹತ್ತು ದಿನ, ಏಳು ವಿಭಕ್ತಿ ಬೇಕಾಗಿತ್ತು. ಗಿರಿಜಾ ಕೈ ಚಾಚಿ “ಬನ್ರೇ” ಎಂದಳು, ಆರೂ ಬಂದವು. ಇದನ್ನು ನೋಡಿ ನನಗೆ ಸ್ವಲ್ಪ ಅವಮಾನವೂ ಆಯಿತು.

ಗಿರಿಜಾ ಎದ್ದು ಕಾರಿನ ಹತ್ತಿರ ಹೋದಳು. ಷಡ್ಡಕರು ಗಾಜನ್ನು ಎರಡು ಬೆರಳಿನಷ್ಟು ಇಳಿಸಿದರು. “ನೀವು ಹೊರಡಿ ಭಾವ, ನಾನು ಇಲ್ಲೇ ಇರ್ತೀನಿ. ಬ್ಯಾಗು ನಾಳೆ ಇವರೇ ಬಂದು ತಗೊಳ್ತಾರೆ” ಎಂದಳು. “ಧೈರ್ಯಾನಾ?” ಎಂದರು ಅವರು. “ನನ್ನ ಕಾಯೋಕೆ ಆರು ಜನ ಇದಾರೆ ಬಿಡಿ” ಎಂದಳು. ಏಳು ಎನ್ನಬಹುದಿತ್ತು. ಎನ್ನಲಿಲ್ಲ.

ಈಗ ಐದು ತಿಂಗಳಾಯಿತು. ನಮ್ಮ ಮನೆಯಲ್ಲಿ ಕೋಳಿ ಎಂಬ ಪದ ಈಗಲೂ ನಿಷಿದ್ಧ. ಗಿರಿಜಾ ಬೀದಿಯಲ್ಲೆಲ್ಲ ‘ನಮ್ಮ ಗಿಣಿಗಳು’ ಎಂದೇ ಹೇಳುತ್ತಾಳೆ. ಕನ್ನಡ ಮೇಷ್ಟ್ರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ, ತಿದ್ದುವುದಿಲ್ಲ. ಹಕ್ಕಿಗಳು ನನ್ನ ವ್ಯಾಕರಣವನ್ನು ಪೂರ್ತಿ ಮರೆತಿವೆ. ಆಕೆ ಹೂವು ಕೊಯ್ದರೆ ಹೂವಿನ ಗಿಡದ ಹತ್ತಿರ, ಅಕ್ಕಿ ಆರಿಸಿದರೆ ಮೊರದ ಹತ್ತಿರ, ಎಲ್ಲಾ ಅಲ್ಲೇ. ನಾನು ಪೇಟೆಗೆ ಹೋಗಿ ತರಕಾರಿ ಚೀಲ ಹಿಡಿದು ಗೇಟು ತೆರೆದರೆ ಸಾಕು, ಆರೂ ಓಡಿಬಂದು ದಾರಿಗೆ ಅಡ್ಡ ನಿಲ್ಲುತ್ತವೆ. ರೆಕ್ಕೆ ಅಗಲಿಸಿ, ಊರಿಗೆಲ್ಲ ಕೇಳುವಂತೆ ಗರಗಸ ಎಳೆಯುತ್ತವೆ. ನಾನೇ ಕಟ್ಟಿಸಿದ ಮನೆಯ ಗೇಟಿನ ಹೊರಗೆ ನಾನು ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ನಿಂತಿರುತ್ತೇನೆ. ಗಿರಿಜಾ ಕೈಕೆಲಸ ಮುಗಿಸಿ, ನಿಧಾನವಾಗಿ ಬಾಗಿಲಿಗೆ ಬಂದು, ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಹಕ್ಕಿಗಳಿಗೆ ಹೇಳುತ್ತಾಳೆ:

“ಬಿಡ್ರೇ, ಬಿಡ್ರೇ. ನಮ್ಮೋರೇ.”

ಆಮೇಲೆ ನನಗೆ ಒಳಗೆ ಪ್ರವೇಶ.